ಅಕ್ಕನ ಷರತ್ತು

ಕೊನೆಯ ದೀಪವನ್ನು ತನ್ನ ಪ್ರೋಗ್ರಾಂ ಒಮ್ಮೆಯೂ ಒತ್ತಿರಲಿಲ್ಲ ಎಂಬುದು ಗೊತ್ತಾದಾಗ ಅವಳಿಗೆ ಮೊದಲು ಆದದ್ದು ನಾಚಿಕೆಯಲ್ಲ. ಯಾರಾದರೂ ನೋಡಿಬಿಟ್ಟರೇ ಎಂದು ಬಾಗಿಲ ಕಡೆ ತಿರುಗಿದಳು. ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಸಾಲಾಗಿ ಕೂತ ಕಂಪ್ಯೂಟರುಗಳು ತಮ್ಮಷ್ಟಕ್ಕೆ ಗುಂಯ್ ಎನ್ನುತ್ತಿದ್ದವು. ಯಾರೋ ಮರೆತುಹೋದ ಸ್ವೆಟರು ಕುರ್ಚಿಯ ಬೆನ್ನಿಗೆ ಜೋತುಬಿದ್ದು, ತೋಳೆರಡನ್ನೂ ಕೆಳಗೆ ಬಿಟ್ಟುಕೊಂಡು, ಅವಳಂತೆಯೇ ಪರದೆಯ ಕಡೆ ಬಗ್ಗಿತ್ತು. ಪ್ರೋಗ್ರಾಮಿನ ಆ ಸಾಲನ್ನು ಮತ್ತೆ ಓದಿದಳು, ತುಟಿ ಅಲ್ಲಾಡಿಸುತ್ತ, ಪದ್ಯದಲ್ಲಿ ಮಾತ್ರೆ ಎಲ್ಲಿ ತಪ್ಪಿತೆಂದು ಅಪ್ಪ ಗಟ್ಟಿಯಾಗಿ ಓದಿ ಹಿಡಿಯುತ್ತಿದ್ದ ಹಾಗೆ. ಒಂದರಿಂದ ಶುರು, ಒಟ್ಟು ದೀಪಗಳ ಸಂಖ್ಯೆಗಿಂತ ಕಡಿಮೆ ಇರುವವರೆಗೆ. ಯಂತ್ರ ಸೊನ್ನೆಯಿಂದ ಎಣಿಸುತ್ತದೆ. ಸೊನ್ನೆಯಿಂದ ಶುರುಮಾಡಿದರೆ ‘ಕಡಿಮೆ ಇರುವವರೆಗೆ’ ಎಂಬುದು ಸರಿ. ಆದರೆ ತಂಗಿ ಬಿಡಿಸಿದ ಜಾಲದ ಚಿತ್ರದಲ್ಲಿ ದೀಪಗಳು ಒಂದರಿಂದ ಶುರುವಾಗುತ್ತಿದ್ದವು. ಗಣಿತದವರು ಒಂದರಿಂದಲೇ ತಾನೆ ಎಣಿಸುವುದು. ಚಿತ್ರಕ್ಕೆ ಹೊಂದಲಿ ಎಂದು ಅವಳು ಆ ತುದಿಯನ್ನು ತಿದ್ದಿದ್ದಳು, ಈ ತುದಿಯನ್ನು ಮರೆತಿದ್ದಳು. ಅವಸರದಲ್ಲಿ ಪುಟ್ಟ ಪುಟ್ಟ ಜಾಲಗಳನ್ನು ಕೊಟ್ಟು ಪರೀಕ್ಷೆ ಮಾಡಿದಾಗ ಕೊನೆಯ ದೀಪವನ್ನು ಒತ್ತುವ ಪ್ರಸಂಗವೇ ಬಂದಿರಲಿಲ್ಲ. ದೊಡ್ಡ ಜಾಲದಲ್ಲಿ ಎಲ್ಲ ಗುಂಡಿಗಳನ್ನೂ ಎಲ್ಲ ರೀತಿಯಲ್ಲೂ ಒತ್ತಿನೋಡಿದ್ದೇನೆ ಎಂದು ಯಂತ್ರ ಸಾಕ್ಷಿ ಹೇಳಿತ್ತು. ಒಂದನ್ನು ಬಿಟ್ಟು.

ವಿಷಯ ಮಗುವಿಗೂ ಹೇಳಬಹುದಾದಷ್ಟು ಸುಲಭದ್ದು. ಒಂದಷ್ಟು ದೀಪಗಳು, ಅವುಗಳ ನಡುವೆ ತಂತಿ. ಒಂದು ದೀಪದ ಗುಂಡಿ ಒತ್ತಿದರೆ ಅದೂ, ಅದಕ್ಕೆ ತಂತಿ ಕಟ್ಟಿದ ನೆರೆಯ ದೀಪಗಳೂ ಬದಲಾಗುತ್ತವೆ. ಉರಿಯುತ್ತಿದ್ದದ್ದು ಆರುತ್ತದೆ, ಆರಿದ್ದು ಹೊತ್ತಿಕೊಳ್ಳುತ್ತದೆ. ಎಲ್ಲವೂ ಉರಿಯುತ್ತಿರುವಾಗ ಶುರುಮಾಡಿ ಎಲ್ಲವನ್ನೂ ಆರಿಸಬೇಕು. ಆರಿಸಬಹುದು ಎಂಬುದು ಹಳೆಯ ಮಾತು. ಎಷ್ಟು ಕಡಿಮೆ ಒತ್ತಿ ಆರಿಸಬಹುದು ಎಂಬುದು ತಂಗಿಯ ಪ್ರಶ್ನೆ. ಉಂಗುರಕ್ಕೆ ಉಂಗುರ ಕೂಡಿಸಿ ಹೆಣೆದ ಜಾಲಗಳಿಗೆ ಇಂತಿಷ್ಟಕ್ಕಿಂತ ಹೆಚ್ಚು ಬೇಕಾಗುವುದೇ ಇಲ್ಲ ಎಂದು ಒಂದು ಮಿತಿ ಕಟ್ಟಿ, ಅರ್ಧ ಪುಟದಲ್ಲಿ ಅದನ್ನು ಸಾಧಿಸಿ ತೋರಿಸಿದ್ದಳು ಅವಳು. ಅರ್ಧ ಪುಟ! ಅಕ್ಕ ತಂಗಿಯರಿಬ್ಬರೂ ಒಂದೇ ವಿಭಾಗದಲ್ಲಿ, ಗಣಿತವನ್ನೂ ಕಂಪ್ಯೂಟರ್ ವಿಜ್ಞಾನವನ್ನೂ ಜೊತೆಯಲ್ಲಿ ಓದುವ ಒಂದೇ ತರಗತಿಯಲ್ಲಿ, ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಅಪ್ಪನ ಕೈಗೆ ನಡುಕ ಬಂದಮೇಲೆ ಹೊಲಿಗೆ ಅಂಗಡಿಯಲ್ಲಿ ಕೂತದ್ದು ದೊಡ್ಡವಳು. ಅದು ಮುಗಿದು ಅವಳು ಓದಲು ಬರುವ ಹೊತ್ತಿಗೆ ಚಿಕ್ಕವಳು ಬಂದು ಸಮಕ್ಕೆ ನಿಂತಿದ್ದಳು. ತರಗತಿಯ ಹುಡುಗ ಹುಡುಗಿಯರೆಲ್ಲ ದೊಡ್ಡವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಪ್ರೀತಿಯಿಂದಲೇ ಕರೆಯುತ್ತಿದ್ದರು. ಆದರೂ ಪ್ರತಿಸಲ ಆ ಪದ ಕಿವಿಗೆ ಬಿದ್ದಾಗ, ಬಸ್ಸಿನಲ್ಲಿ ಯಾರೋ ಎದ್ದು ಸೀಟು ಬಿಟ್ಟುಕೊಟ್ಟಂತೆ ಅವಳ ಮುಖ ಬಿಸಿಯಾಗುತ್ತಿತ್ತು.

ವಿಭಾಗದಲ್ಲೊಂದು ಪದ್ಧತಿ. ಗುರುವಾರದ ಸಭೆಯಲ್ಲಿ ಒಬ್ಬರು ಕೈಯಲ್ಲಿ ಯಾವ ಕಾಗದವೂ ಇಲ್ಲದೆ ಬೋರ್ಡಿನ ಮುಂದೆ ನಿಂತು ತಮ್ಮ ಪ್ರಮೇಯವನ್ನು ಸಾಧಿಸಬೇಕು. ಕೇಳುವವರಲ್ಲಿ ಯಾರು ಬೇಕಾದರೂ ‘ನಿಲ್ಲಿ’ ಎನ್ನಬಹುದು. ಎಂದ ಕೂಡಲೇ ಬರೆಯುವವರು ಸೀಮೆಸುಣ್ಣ ಕೆಳಗಿಡಬೇಕು. ಕೇಳಿದವರಿಗೆ ಒಪ್ಪಿಗೆಯಾಗುವವರೆಗೆ ಮತ್ತೆ ಎತ್ತಿಕೊಳ್ಳುವಂತಿಲ್ಲ. ತನ್ನ ಸರದಿ ಬಂದಿದ್ದ ಗುರುವಾರ ಬೆಳಿಗ್ಗೆ ತಂಗಿ ಕನ್ನಡಿಯ ಮುಂದೆ, ಹೇರ್‌ಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡು, ‘ಅಕ್ಕಾ, ಹಿಂದುಗಡೆ ನೋಡೇ, ನೆಟ್ಟಗಿದೆಯಾ?’ ಎಂದಿದ್ದಳು. ಇವಳು ಪಿನ್ನು ಸಿಕ್ಕಿಸಿ, ಕುತ್ತಿಗೆಯ ಮೇಲಿನ ಸಣ್ಣ ಕೂದಲನ್ನು ಬೆರಳಿನಿಂದ ಒಳಗೆ ಸೇರಿಸಿ, ‘ಚೆನ್ನಾಗಿದೆ’ ಎಂದಿದ್ದಳು. ಅಷ್ಟು ಹೊತ್ತಿಗಾಗಲೇ ಯಂತ್ರದ ಉತ್ತರ ಅವಳ ಹತ್ತಿರ ಇತ್ತು. ಒಂದು ಜಾಲ, ಹಲವು ಉಂಗುರಗಳು ಹೆಣೆದುಕೊಂಡು, ನಡುವೆ ಒಂದು ದೀಪದಲ್ಲಿ ಮೂರು ಉಂಗುರ ಗಂಟು ಬಿದ್ದದ್ದು, ಅದನ್ನು ಆರಿಸಲು ತಂಗಿಯ ಮಿತಿ ಸಾಲುವುದಿಲ್ಲ. ಹೇಳಬಹುದಿತ್ತು, ಕನ್ನಡಿಯ ಮುಂದೆಯೇ. ಬಸ್ಸಿನಲ್ಲಿ ಹೇಳಬಹುದಿತ್ತು. ಆದರೆ ತಂಗಿ ಬೋರ್ಡಿನ ಅರ್ಧ ತುಂಬಿಸಿ, ಹೊರಗಿನಿಂದ ಬಂದಿದ್ದ ಪಂಡಿತರು ತಲೆದೂಗಲು ಶುರುಮಾಡಿ, ವಿಭಾಗದ ಮೇಷ್ಟ್ರು ತಮ್ಮ ಕುರ್ಚಿಯಲ್ಲಿ ತುಸು ಮುಂದಕ್ಕೆ ಜರುಗಿ ಕೂತಮೇಲೆ ಅವಳು ಎದ್ದು ನಿಂತಳು. ‘ನಿಲ್ಲು’ ಎಂದಳು. ‘ನಿಲ್ಲಿ’ ಎನ್ನುವುದು ಪದ್ಧತಿ. ತಂಗಿಗೆ ಬಹುವಚನ ಹೇಗೆ ಬಂದೀತು? ಎಲ್ಲರೂ ನಕ್ಕರು. ತಂಗಿ ಸೀಮೆಸುಣ್ಣ ಕೆಳಗಿಟ್ಟಳು. ಇವಳು ಜಾಲವನ್ನು ಬೋರ್ಡಿನ ಉದ್ದಕ್ಕೂ ಬಿಡಿಸಿ ಮುಗಿಸಿದಾಗ ತಂಗಿ ಅದನ್ನೇ ನೋಡುತ್ತ ನಿಂತಿದ್ದು, ಆಮೇಲೆ ಧೂಳಿನ ಕೈ ತಟ್ಟಿ, ‘ಅಯ್ಯೋ ಅಕ್ಕಾ, ಎಂಥಾ ಜಾಲ ಹುಡುಕಿದೀಯೇ!’ ಎಂದಳು. ಕೈಯಲ್ಲಿ ಎಣಿಸಿ ಮುಗಿಸುವಂಥದ್ದಲ್ಲ ಅದು. ಎಲ್ಲ ದಾರಿಯನ್ನೂ ನೋಡಿದೆ, ಇಲ್ಲ ಎಂದು ಯಂತ್ರ ಹೇಳಿದರೆ ಅಲ್ಲವೆನ್ನಲು ಯಾರಿಗೂ ಪುರಸೊತ್ತಿರಲಿಲ್ಲ.

ಅವತ್ತು ಮನೆಗೆ ಹೋಗುವಾಗ ಬಸ್ಸಿನ ಗಾಜುಗಳ ಮೇಲೆ ಮಂಜು ಕೂತಿತ್ತು. ತಂಗಿ ಕಿಟಕಿಯ ಕಡೆ ಮುಖ ಮಾಡಿಕೊಂಡು, ಗಾಜಿನ ಮೇಲೆ ಬೆರಳಾಡಿಸುತ್ತ, ಉದ್ದಕ್ಕೂ ಮಾತಾಡಲಿಲ್ಲ. ಅಳುವುದನ್ನು ಮುಚ್ಚಿಕೊಳ್ಳುತ್ತಿದ್ದಾಳೆ ಎಂದುಕೊಂಡಳು ಇವಳು. ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದರ ಕೆಳಗೆ ಇನ್ನೇನೋ ಅನ್ನಿಸಿತು. ಚಳಿಯಲ್ಲಿ ನಡೆದು ಬಂದವರು ಬಿಸಿನೀರಿಗೆ ಕಾಲಿಟ್ಟಾಗ ಹಿಮ್ಮಡಿಯಿಂದ ಏರುವ ಸುಖದಂಥದ್ದು. ಇಳಿಯುವ ಮೊದಲು ತಂಗಿ ತೋಳಿನಿಂದ ಗಾಜನ್ನು ಒರೆಸಿ, ತಿರುಗಿ, ಅವಳ ಮುಖವನ್ನು ಒಂದು ಕ್ಷಣ ನೋಡಿ, ‘ಹಸಿವಾಗ್ತಿದೆ ಕಣೇ’ ಎಂದಿದ್ದಳು. ಕಣ್ಣು ಒದ್ದೆಯಾಗಿರಲಿಲ್ಲ. ಅದು ಅವಳಿಗೆ ಸ್ವಲ್ಪ ನಿರಾಸೆಯನ್ನೇ ತಂದಿತ್ತು.

ಕೆಲವೇ ದಿನಗಳಲ್ಲಿ ತಂಗಿ ಪ್ರಮೇಯಕ್ಕೆ ತೇಪೆ ಹಾಕಿದಳು. ಒಂದೇ ದೀಪದಲ್ಲಿ ಮೂರು ಉಂಗುರ ಕೂಡುವ ಜಾಲಗಳನ್ನು ಬಿಟ್ಟು, ಉಳಿದವಕ್ಕೆ ಮಾತ್ರ. ಅರ್ಧ ಪುಟದ್ದು ಮೂರು ಪುಟವಾಯಿತು, ಓಡುತ್ತಿದ್ದದ್ದು ಕುಂಟಿತು. ಆ ನಿಬಂಧನೆಗೆ ಒಂದು ಹೆಸರು ಬೇಕಾಯಿತು. ತಂಗಿ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು: ಅಕ್ಕನ ಷರತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮದುವೆಮನೆಯಲ್ಲಿ ಹೆಣ್ಣಿನ ಕಡೆಯವರು ಹಾಕುವ ಷರತ್ತಿನ ಹಾಗಿದೆಯಲ್ಲ ಎಂದು ಯಾರೋ ತಮಾಷೆ ಮಾಡಿದರು. ಅವಳು ನಗುವವರ ಜೊತೆ ನಕ್ಕಳು. ಎಲ್ಲರೂ ಊಟಕ್ಕೆ ಹೋದಮೇಲೆ ಒಬ್ಬಳೇ ವಾಪಸು ಬಂದು ಬೋರ್ಡಿನ ಮುಂದೆ ನಿಂತಳು. ಇಷ್ಟು ವರ್ಷ ಯಾರ್ಯಾರದೋ ಅಂಗಿಗೆ ಹೊಲಿಗೆ ಹಾಕಿದ್ದೇನೆ, ಒಂದು ಅಂಗಿಯ ಮೇಲೂ ನನ್ನ ಹೆಸರಿಲ್ಲ, ಇಲ್ಲಿದೆ. ಕಣ್ಣಲ್ಲಿ ನೀರು ಬಂತು. ದೇವರೇ, ಇದು ಹೊಟ್ಟೆಕಿಚ್ಚಿನ ಫಲವಾದರೂ ಫಲವೇ ತಾನೆ, ಎಂದು ಅವಳು ಕೇಳಿಕೊಂಡಿದ್ದಳು, ಬಾಲ್ಯದಿಂದ ಎಲ್ಲವನ್ನೂ ಕೇಳಿಕೊಳ್ಳುವಂತೆ, ತುಟಿ ತೆರೆಯದೆ.

‘ಏನಮ್ಮಾ, ಇಲ್ಲಿದೀಯಾ?’ ಎಂದಿತು ಈಗ ಲ್ಯಾಬಿನ ಬಾಗಿಲು. ಮೇಷ್ಟ್ರು. ಕೈಯಲ್ಲಿ ಟೀ ಲೋಟ, ಕಂಕುಳಲ್ಲಿ ಪರೀಕ್ಷೆಯ ಪತ್ರಿಕೆಗಳು, ತೋಳಿನ ಮೇಲೆ ಸೀಮೆಸುಣ್ಣದ ಬಿಳಿ. ಅವಳು ಪರದೆಯ ಮೇಲಿದ್ದದ್ದನ್ನು ಮುಚ್ಚಿದಳು. ಬೆರಳು ಅಷ್ಟು ಚುರುಕಾಗಿ ಓಡಬಲ್ಲದೆಂದು ಅವಳಿಗೇ ಗೊತ್ತಿರಲಿಲ್ಲ. ‘ಇವತ್ತು ತಂಗಿ ಪೂರ್ತಿಯಾಗಿ ಬರೀತಾಳಲ್ಲ, ಅದಾದಮೇಲೆ ನನ್ನ ರೂಮಿಗೆ ಬಂದು ಹೋಗು. ಸಂಶೋಧನೆಗೆ ಜಾಗ ಒಂದೇ ಇರೋದು, ಗೊತ್ತಲ್ಲ? ಬರೆಯೋರು ಬೇಕಾದಷ್ಟು ಜನ ಸಿಕ್ತಾರೆ. ನಿಲ್ಲು ಅನ್ನೋರು ಸಿಗಲ್ಲ.’ ಅವರು ಟೀ ಹೀರಿದರು. ‘ಅವಳದ್ದು ಆ ಷರತ್ತು ಇಲ್ಲದೆ ನಿಂತಿದ್ರೆ ಮಾತು ಬೇರೆ ಇತ್ತು. ಚಿಕ್ಕವಳು, ಮುಂದಿನ ವರ್ಷ ನೋಡೋಣ.’ ಅವಳು ‘ಆಗಲಿ ಸಾರ್’ ಎಂದಳು. ಆ ಎರಡು ಪದ ಬಾಯಿಂದ ಹೊರಬಿದ್ದದ್ದನ್ನು ಪಕ್ಕದ ಕುರ್ಚಿಯ ಸ್ವೆಟರು ಕೇಳಿಸಿಕೊಂಡಿತು.

ಕ್ಯಾಂಟೀನಿನಲ್ಲಿ ತಂಗಿ ಬನ್ನನ್ನು ಎರಡು ತುಂಡು ಮಾಡಿ, ದೊಡ್ಡ ತುಂಡನ್ನು ಇವಳ ಕಡೆ ಸರಿಸಿದಳು. ಚಿಕ್ಕಂದಿನಿಂದ ಹಾಗೆಯೇ. ಕೊಡುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ಕೈಗೆ ಸಿಕ್ಕಿದ್ದನ್ನೆಲ್ಲ ಕೊಟ್ಟುಬಿಡುವವಳಿಗೆ ಸಿಗುತ್ತಲೇ ಹೋಗುತ್ತದೆ ಎಂದು ಇವಳು ಎಷ್ಟೋ ಸಲ ಲೆಕ್ಕ ಹಾಕಿದ್ದಳು. ಬಿಗಿ ಹಿಡಿದವಳ ಮುಷ್ಟಿಯಲ್ಲಿ ಬೆವರು ಮಾತ್ರ. ಎದುರಿಗೆ ವಕೀಲ ಕೂತಿದ್ದ. ವಕೀಲನೇನಲ್ಲ, ಅವರ ಸಹಪಾಠಿ. ಒಂದಕ್ಕೊಂದು ಕೂಡಿದರೆ ಎರಡು ಎಂದರೂ ಅದಕ್ಕೊಂದು ಆಕ್ಷೇಪಣೆ ಎತ್ತುತ್ತಿದ್ದುದರಿಂದ ಆ ಹೆಸರು.

‘ಅಕ್ಕಾ, ಇವತ್ತೂ ನಿಲ್ಲು ಅಂತೀರಾ?’ ಎಂದ ವಕೀಲ. ‘ಅನ್ನೋದಾದ್ರೆ ಮೊದ್ಲೇ ಹೇಳಿ, ನಾನು ಹಿಂದಿನ ಬೆಂಚಲ್ಲಿ ನಿದ್ದೆ ಮಾಡ್ಕೋತೀನಿ.’

‘ನೀನು ಯಾವತ್ತು ಮುಂದಿನ ಬೆಂಚಲ್ಲಿ ಎದ್ದಿದ್ದೆ?’ ಎಂದಳು ತಂಗಿ.

‘ನನ್ನ ನಿದ್ದೆಗೂ ಒಂದು ಷರತ್ತಿದೆ ಕಣಮ್ಮ. ತಂಗಿ ಬರೀಬೇಕು, ಅಕ್ಕ ಕಾಯಬೇಕು.’

ತಂಗಿ ನಕ್ಕಳು. ಇವಳು ಬನ್ನನ್ನು ಕೆಳಗಿಟ್ಟಳು. ಕಾಯುವುದು, ಎಷ್ಟು ಸರಿಯಾದ ಪದ. ನಾಯಿ ಮನೆ ಕಾಯುತ್ತದೆ, ಬೆಕ್ಕು ಇಲಿ ಕಾಯುತ್ತದೆ. ತಾನು ಯಾವ ಬಗೆಯಲ್ಲಿ ಕಾಯುತ್ತ ಬಂದೆ? ‘ಏನೇ, ಮುಖ ಸಪ್ಪಗಿದೆ?’ ಎಂದಳು ತಂಗಿ, ನೀರಿನ ಲೋಟ ಮುಂದೆ ತಳ್ಳುತ್ತ. ಆಗ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂತು ಕೂಡ. ಆದರೆ ಈ ಟೀ ಕಲೆಗಳ ಮೇಜಿನ ಮೇಲೆ, ಈ ವಕೀಲನ ಎದುರಿಗೆ, ಹೇಳಿದರೆ ತಂಗಿ ಅದಕ್ಕೂ ಕೈ ತಟ್ಟಿ, ‘ಅಯ್ಯೋ ಅಕ್ಕಾ!’ ಎಂದು ನಕ್ಕು ಮುಗಿಸಿಬಿಡುತ್ತಾಳೆ. ಅವಳ ಆ ನಗುವನ್ನು ನೆನೆದೇ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು. ‘ತಲೆನೋವು’ ಎಂದಳು. ತಂಗಿ ಅವಳ ಹಣೆ ಮುಟ್ಟಿ ನೋಡಿದಳು.

ಮುಖ ತೊಳೆಯಲು ಹೋದವಳು ನಲ್ಲಿ ಬಿಟ್ಟು ನಿಂತೇಬಿಟ್ಟಳು. ನೀರಿನ ಸದ್ದಿನ ಹಿಂದೆ ಅಪ್ಪನ ಹೊಲಿಗೆ ಯಂತ್ರದ ಸದ್ದು ಕೇಳಿಸಿತು. ಅಪ್ಪ ಕಾಲಲ್ಲಿ ತುಳಿಯುತ್ತ ಬಾಯಲ್ಲಿ ಪದ್ಯ ಹೇಳುತ್ತಿದ್ದರು. ಸೂಜಿ ಇಳಿದೇಳುವ ಲಯಕ್ಕೆ ಸರಿಯಾಗಿ ಪದಗಳು ಇಳಿದೇಳುತ್ತಿದ್ದವು. ಅವಳು ಅಂಗಿಯ ಗುಂಡಿತೂತುಗಳಿಗೆ ಕಾಜಾ ಹಾಕುತ್ತ ತಲೆ ತಗ್ಗಿಸಿ ಕೂತಿರುತ್ತಿದ್ದಳು. ತಂಗಿ ನೆಲದ ಮೇಲೆ ಅಂಗಿಯ ಗುಂಡಿಗಳನ್ನು ಸಾಲಿಡುತ್ತ ಕೂತಿರುತ್ತಿದ್ದಳು. ಒಂದು ಎರಡು ಮೂರು ಎಂದು ಆ ಗುಂಡಿಗಳಲ್ಲಿ ಅವಳಿಗೆ ಎಣಿಕೆ ಕಲಿಸಿದ್ದು ತಾನೇ. ಒಂದರಿಂದ ಕಲಿಸಿದ್ದೂ ತಾನೇ! ಅಪ್ಪನದೊಂದು ಆಟವಿತ್ತು. ಪದ್ಯದ ನಡುವೆ ಬೇಕೆಂದೇ ಒಂದು ಸಾಲು ಬಿಟ್ಟು ಮುಂದಕ್ಕೆ ಹೋಗಿಬಿಡುವರು. ಹಿಡಿದವರಿಗೆ ಅಂಗಡಿಯ ಡಬ್ಬಿಯಿಂದ ತಮಗಿಷ್ಟವಾದ ಗುಂಡಿ. ‘ಅಪ್ಪಾ, ಸಾಲು ಹಾರಿಹೋಯ್ತು!’ ಎಂದು ಕೂಗುತ್ತಿದ್ದುದು ಯಾವಾಗಲೂ ತಂಗಿಯೇ, ಹಲ್ಲು ಬೀಳದ ವಯಸ್ಸಿನಿಂದ. ಅಪ್ಪ ಯಂತ್ರ ನಿಲ್ಲಿಸಿ, ‘ಶಭಾಷ್’ ಎಂದು ನಗುವರು. ಆಮೇಲೆ ಕಣ್ಣು ಒಂದು ಗಳಿಗೆ ಇವಳ ಕಡೆ ಬರುವುದು. ಇವಳು ತಲೆ ಎತ್ತುತ್ತಿರಲಿಲ್ಲ. ಸಾಲು ಬಿಟ್ಟುಹೋದದ್ದು ಇವಳಿಗೆ ನಿಜವಾಗಿ ಗೊತ್ತೇ ಆಗುತ್ತಿರಲಿಲ್ಲ. ಅಪ್ಪನ ದನಿ ಶುರುವಾದರೆ ಅವಳು ಅದರೊಳಗೆ ಇಳಿದುಬಿಡುತ್ತಿದ್ದಳು. ನದಿಗಿಳಿದವರು ನೀರು ಎಲ್ಲಿ ಒಂದು ಬೊಗಸೆ ಕಡಿಮೆಯಾಯಿತೆಂದು ನೋಡುತ್ತಾರೆಯೇ? ಕೇಳಿಸಿದ್ದಷ್ಟೂ ಅವಳಿಗೆ ಪೂರ್ಣವೇ ಆಗಿತ್ತು, ದೇವರ ಮಾತೇ ಆಗಿತ್ತು. ಆದರೆ ಬಣ್ಣದ ಗುಂಡಿಗಳೆಲ್ಲ ತಂಗಿಯ ಡಬ್ಬಿಯಲ್ಲಿದ್ದವು. ಅಪ್ಪ ಇಲ್ಲವಾದಮೇಲೆ ಆ ಡಬ್ಬಿಯನ್ನು ತಂಗಿ ಇವಳಿಗೇ ಕೊಟ್ಟಳು, ‘ನಿನ್ನ ಹತ್ರಾನೇ ಇರಲಿ’ ಎಂದು. ಅದನ್ನೂ ಕೊಟ್ಟಳು.

ಸಭೆಯ ಕೋಣೆಯಲ್ಲಿ ಮಧ್ಯಾಹ್ನದ ಬಿಸಿಲು ಬೆಂಚುಗಳ ಮೇಲೆ ಅಡ್ಡ ಬಿದ್ದಿತ್ತು. ಮೇಷ್ಟ್ರು ಮುಂದಿನ ಸಾಲಿನಲ್ಲಿ; ವಕೀಲ ಹೇಳಿದಂತೆ ಹಿಂದಿನ ಬೆಂಚಿನಲ್ಲಿ, ಆದರೆ ಎಚ್ಚರವಾಗಿ. ಅವಳು ಕಿಟಕಿಯ ಪಕ್ಕ ಕೂತಳು. ತಂಗಿ ಬರೆಯಲು ಶುರುಮಾಡಿದಳು. ತಂಗಿಯ ಅಕ್ಷರ ದುಂಡಗೆ, ಹಗುರವಾಗಿ, ಸೀಮೆಸುಣ್ಣ ಬೋರ್ಡಿಗೆ ತಾಗಿತೋ ಇಲ್ಲವೋ ಎಂಬಂತೆ ಓಡುತ್ತಿತ್ತು. ನೋಡುತ್ತ ನೋಡುತ್ತ ಇವಳಿಗೆ ಮತ್ತೆ ಅದೇ ಆಯಿತು, ಅದರೊಳಗೆ ಇಳಿದಳು. ಎಷ್ಟು ಚೆಂದ! ಎಂದುಕೊಂಡಳು, ಆ ‘ಎಷ್ಟು ಚೆಂದ’ದ ಬೆನ್ನಿಗೇ ಮುಳ್ಳು ಚುಚ್ಚಿತು. ಇವಳು ಸುಮ್ಮನೆ ಕೂತರೆ ಸಾಕು. ಪ್ರಪಂಚದಲ್ಲಿ ಯಾರೂ ಆ ಸಾಲನ್ನು ಓದುವುದಿಲ್ಲ. ಷರತ್ತು ಇದ್ದರೂ ಪ್ರಮೇಯ ಸುಳ್ಳೇನಲ್ಲ. ಬೇಡದ ಒಂದು ಊರುಗೋಲು ಹಿಡಿದು ನಡೆಯುತ್ತದೆ, ಅಷ್ಟೆ. ಊರುಗೋಲಿನ ಮೇಲೆ ನನ್ನ ಹೆಸರು. ಜಾಗ ನನಗೆ. ತಂಗಿ ಚಿಕ್ಕವಳು, ಮುಂದಿನ ವರ್ಷ ನೋಡೋಣ. ಈ ವಾಕ್ಯ ಮೇಷ್ಟ್ರ ದನಿಯಲ್ಲಿ ಶುರುವಾಗಿ ತನ್ನ ದನಿಯಲ್ಲಿ ಮುಗಿದದ್ದನ್ನು ಕೇಳಿ ಅವಳು ಬೆಚ್ಚಿದಳು.

ತಂಗಿ ನಿಬಂಧನೆಗಳ ಪಟ್ಟಿಗೆ ಬಂದಿದ್ದಳು. ಮೊದಲನೆಯದನ್ನು ಬರೆದಳು. ಎರಡನೆಯದನ್ನು ಬರೆದಳು. ಮೂರು ಎಂದು ಬರೆದು, ಒಂದು ಚುಕ್ಕೆ ಇಟ್ಟು, ಅದರ ಮುಂದೆ ಏನೂ ಬರೆಯದೆ ಕೆಳಗಿನ ಸಾಲಿಗೆ ಇಳಿದು ಸಾಧನೆ ಶುರುಮಾಡಿಬಿಟ್ಟಳು.

ಕೋಣೆಯಲ್ಲಿ ಯಾರೂ ಅಲುಗಲಿಲ್ಲ. ಮೇಷ್ಟ್ರ ಕಣ್ಣು ಅರ್ಧ ಮುಚ್ಚಿತ್ತು. ಆ ಖಾಲಿ ಸಾಲು ಮಾತ್ರ, ಹಲ್ಲು ಕಿತ್ತ ಜಾಗದ ಹಾಗೆ, ಇವಳನ್ನೇ ನೋಡುತ್ತಿತ್ತು. ಈ ಸಲ ಗೊತ್ತಾಯಿತು. ಜೀವಮಾನದಲ್ಲಿ ಮೊದಲ ಸಲ, ಬಿಟ್ಟುಹೋದ ಸಾಲು ಅವಳಿಗೆ ಕೇಳಿಸಿತು.

‘ನಿಲ್ಲಿ, ನಿಲ್ಲಿ’ ಎಂದ ವಕೀಲ ಹಿಂದಿನಿಂದ. ‘ಅಕ್ಕನ ಷರತ್ತು ಬಿಟ್ಟೋಯ್ತು.’

ತಂಗಿ ಸೀಮೆಸುಣ್ಣ ಕೆಳಗಿಟ್ಟಳು. ‘ಬಿಟ್ಟಿಲ್ಲ. ಜಾಗ ಬಿಟ್ಟಿದೀನಿ.’

‘ಜಾಗ ಬಿಟ್ರೆ ಸಾಕಾ? ಮನೆ ಕಟ್ಟೋದು ಯಾರು?’

ಎಲ್ಲರೂ ನಕ್ಕರು. ತಂಗಿ ನಗಲಿಲ್ಲ, ಇವಳ ಕಡೆ ನೋಡಲೂ ಇಲ್ಲ. ಸೀಮೆಸುಣ್ಣದ ಧೂಳನ್ನು ಬೆರಳಿನಿಂದ ಬೆರಳಿಗೆ ಉಜ್ಜಿಕೊಳ್ಳುತ್ತ ನಿಂತಳು. ಗೊತ್ತಿದೆ ತಂಗಿಗೆ. ಗೊತ್ತಿಲ್ಲದೆಯೂ ಇರಬಹುದು, ಮರೆತಿರಬಹುದು, ನಾಚಿಕೆಯಿಂದಲೋ ಚೇಷ್ಟೆಯಿಂದಲೋ ಬಿಟ್ಟಿರಬಹುದು. ಎದ್ದರೆ, ಸಿಕ್ಕಿಬಿದ್ದು ಎದ್ದಂತೆಯೋ, ತಾನಾಗಿ ಎದ್ದಂತೆಯೋ? ಇದನ್ನು ಯಾವ ಯಂತ್ರಕ್ಕೆ ಕೊಟ್ಟು ಪರೀಕ್ಷಿಸುವುದು? ಅವಳು ಯೋಚನೆ ಮುಗಿಸುವ ಮೊದಲೇ ಮೊಣಕಾಲು ನೆಟ್ಟಗಾಗಿತ್ತು. ಬೆಂಚು ಕಿರ್ ಎಂದಿತು.

‘ಆ ಷರತ್ತು ಬೇಡ’ ಎಂದಳು. ದನಿ ತೀರ ಸಣ್ಣದಾಗಿ ಬಂತು. ಮೇಷ್ಟ್ರು ಕಣ್ಣು ತೆರೆದು, ‘ಏನಂದೆ?’ ಎಂದರು. ‘ಬೇಡ ಸಾರ್. ತಪ್ಪು ನನ್ನದು.’

ಬೋರ್ಡಿನವರೆಗೆ ನಡೆದಳು. ತನ್ನ ಆ ಜಾಲವನ್ನು ಬಿಡಿಸಿದಳು. ಅದು ಕಣ್ಣು ಮುಚ್ಚಿದರೂ ಬರುವಷ್ಟು ಕೈಗೆ ಇಳಿದಿತ್ತು. ದೀಪಗಳನ್ನೆಲ್ಲ ಸೊನ್ನೆಗಳಾಗಿ ಹಾಕಿ, ಉರಿಯುತ್ತಿದೆ ಎನ್ನಲು ಒಳಗೆ ಬಿಳಿ ತುಂಬಿದಳು. ಇಲ್ಲ ಎಂದು ತೋರಿಸಲು ಯಂತ್ರ ಬೇಕಾಗಿತ್ತು. ಇದೆ ಎಂದು ತೋರಿಸಲು ಬೆರಳೇ ಸಾಕು. ನಡುವಿನ ಗಂಟಿನ ದೀಪವನ್ನು, ಮೂರು ಉಂಗುರ ಕೂಡುವ ಆ ಕೊನೆಯ ಸಂಖ್ಯೆಯ ದೀಪವನ್ನು, ಮೊದಲು ಒತ್ತಿದಳು. ಅದೂ ಅದರ ನೆರೆಯವೂ ಆರಿದವು. ಬೆರಳಿನಿಂದ ಬಿಳಿಯನ್ನು ಒರೆಸಿದಳು. ಆಮೇಲೆ ಒಂದೊಂದೇ ಉಂಗುರದ ಸುತ್ತ ನಡೆದಳು, ಒತ್ತುತ್ತ, ಒರೆಸುತ್ತ. ಕೊನೆಯದು ಆರಿದಾಗ ಒತ್ತಿದವುಗಳ ಲೆಕ್ಕ ತಂಗಿಯ ಮಿತಿಯ ಒಳಗೇ, ಆರಾಮಾಗಿ, ಇತ್ತು. ‘ಈ ಗಂಟಿನ ದೀಪಾನ ನನ್ನ ಪ್ರೋಗ್ರಾಂ ಒತ್ತೇ ಇರಲಿಲ್ಲ’ ಎಂದಳು. ‘ಒಂದರಿಂದ ಶುರುಮಾಡಿ, ಕೊನೇದನ್ನ ಬಿಟ್ಟಿದ್ದೆ. ಇವತ್ತು ಬೆಳಿಗ್ಗೆ ನೋಡಿದೆ.’ ಬೆಳಿಗ್ಗೆ ಎಂಬ ಪದ ಬಾಯಿಂದ ಬಿದ್ದಮೇಲೆ ಮೇಷ್ಟ್ರ ಮುಖದಲ್ಲಿ ಅದು ನಿಧಾನವಾಗಿ ಇಳಿಯುವುದನ್ನು ನೋಡಿದಳು. ಬೆಳಿಗ್ಗೆ, ‘ಆಗಲಿ ಸಾರ್’ ಎಂದದ್ದಕ್ಕೆ ಮೊದಲೋ, ಆಮೇಲೋ?

ಅವರು ಕೇಳಲಿಲ್ಲ. ‘ಸೊನ್ನೆಯಿಂದ ಎಣಿಸೋರನ್ನೂ ಒಂದರಿಂದ ಎಣಿಸೋರನ್ನೂ ಒಂದೇ ಮನೇಲಿ ಇಟ್ರೆ ಹೀಗೇ ಆಗೋದು’ ಎಂದು ಎಲ್ಲರನ್ನೂ ನಗಿಸಿದರು. ತಂಗಿ ಮೂರನೆಯ ಸಾಲಿನ ಸಂಖ್ಯೆಯನ್ನು ಅಳಿಸಿ, ಮೂರು ಪುಟದ್ದನ್ನು ಬಿಟ್ಟು, ಹಳೆಯ ಅರ್ಧ ಪುಟದ್ದನ್ನು ಬರೆದು ಮುಗಿಸಿದಳು. ಒಂದು ಕಡೆಯೂ ತಡವರಿಸಲಿಲ್ಲ. ಇಷ್ಟು ದಿನ ಬಿಟ್ಟಿಟ್ಟದ್ದು ಬಾಯಿಪಾಠವಾಗಿ ಹಾಗೇ ಇತ್ತು. ಎಲ್ಲರೂ ಏಳುವಾಗ ಮೇಷ್ಟ್ರು ಇವಳ ಹತ್ತಿರ ಬಂದು, ಮೆಲ್ಲಗೆ, ‘ನೀನು ರೂಮಿಗೆ ಬರೋದು ಬೇಡಮ್ಮ. ತಂಗೀನ ಕಳಿಸು’ ಎಂದರು. ತುಂಬ ಮೆತ್ತಗೆ ಹೇಳಿದರು. ಅಂಗಡಿಗೆ ಬಂದ ಗಿರಾಕಿಗಳು, ತಪ್ಪು ಅಳತೆಗೆ ಹೊಲಿದ ಅಂಗಿಯನ್ನು ವಾಪಸು ಮೇಜಿನ ಮೇಲಿಟ್ಟು, ಪರವಾಗಿಲ್ಲ ಬಿಡಮ್ಮ ಎನ್ನುವಂತೆ.

ತಂಗಿ ಮೇಷ್ಟ್ರ ರೂಮಿನಿಂದ ಹೊರಬರುವವರೆಗೆ ಇವಳು ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕಾಯುತ್ತ ಕೂತಳು. ಕಾಯುವುದು ತನ್ನ ಕೆಲಸ ತಾನೆ. ತಂಗಿ ದೂರದಿಂದ ಬರುವುದು ಕಂಡಿತು. ಚೀಲ ಹೆಗಲಿಗೆ ಹಾಕಿಕೊಂಡು, ಒಂದು ಕಾಲಿನ ಲೇಸು ಬಿಚ್ಚಿಕೊಂಡದ್ದು ಗೊತ್ತಿಲ್ಲದೆ. ಬಂದು ಪಕ್ಕದಲ್ಲಿ ಕೂತಳು. ‘ಕೊಟ್ರು’ ಎಂದಳು. ‘ಚೆನ್ನಾಗಾಯ್ತು’ ಎಂದಳು ಇವಳು. ಚೆನ್ನಾಗಾಯ್ತು ಎಂಬುದು ನಿಜವೇ ಆಗಿತ್ತು. ನಿಜವಾಗಿದ್ದೂ ಅದು ಎದೆಯಲ್ಲಿ ಉರಿಯುತ್ತಿತ್ತು. ಬಗ್ಗಿ ತಂಗಿಯ ಲೇಸು ಕಟ್ಟಿದಳು. ತಲೆ ತಗ್ಗಿಸಿದ್ದಾಗಲೇ ಕೇಳುವುದು ಸುಲಭವೆನ್ನಿಸಿತು. ‘ನಿಂಗೆ ಯಾವಾಗ ಗೊತ್ತಾಯ್ತು?’

ತಂಗಿ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ‘ಅವತ್ತೇ. ಬಸ್ಸಲ್ಲಿ. ಗಾಜಿನ ಮೇಲೆ ಮಂಜಿತ್ತಲ್ಲ, ಬೆರಳಲ್ಲಿ ಬಿಡಿಸಿ ನೋಡ್ತಾ ಇದ್ದೆ. ಗಂಟಿಂದ ಶುರುಮಾಡಿದ್ರೆ ಒಂದೊಂದಾಗಿ ಎಲ್ಲ ಆರಿಹೋಯ್ತು.’

‘ನಾನು ಪಕ್ಕದಲ್ಲೇ ಇದ್ದೆ.’

‘ಹೂಂ. ಹೇಳೋಣ ಅಂತ ತಿರುಗಿದೆ. ನಿನ್ನ ಮುಖ ನೋಡಿದೆ. ಅಷ್ಟು ಖುಷಿಯಾಗಿ ನಿನ್ನ ನಾನು ನೋಡೇ ಇರಲಿಲ್ಲ ಕಣೇ. ಅಪ್ಪ ಹೋದಮೇಲೆ ಅಂತೂ ಇಲ್ಲವೇ ಇಲ್ಲ. ಇರಲಿ ಬಿಡು ಅನ್ನಿಸ್ತು. ನೀನೇ ಒಂದಿನ ನೋಡಿ ಹೇಳ್ತೀಯ ಅಂತ ಗೊತ್ತಿತ್ತು. ಆದ್ರೆ ಇವತ್ತು ಪೂರ್ತಿ ಸಾಧನೆ ಒಳಗೆ ಬರೆಯೋಕೆ ಹೋದ್ರೆ ಕೈಯೇ ಏಳಲಿಲ್ಲ. ಸುಳ್ಳು ಸಾಲು ಹೇಗೆ ಬರೀಲಿ?’

ಲೇಸಿನ ಗಂಟು ಬಿಗಿಯಾಗಿತ್ತು. ಆದರೂ ಅವಳು ಇನ್ನೊಂದು ಗಂಟು ಹಾಕಿದಳು. ತನ್ನ ಮುಖದ ಮೇಲೆ ಅವತ್ತು ಇದ್ದದ್ದು ಯಾವ ಖುಷಿ ಎಂದು ಅವಳಿಗೆ ಗೊತ್ತಿತ್ತು. ಬಿಸಿನೀರಿಗೆ ಕಾಲಿಟ್ಟ ಸುಖ. ಅದನ್ನು ನೋಡಿ ಈ ಹುಡುಗಿ ತನ್ನ ಪ್ರಮೇಯವನ್ನು ತಾನೇ ಕುಂಟಿಸಿಕೊಂಡಿದ್ದಳು. ಕೃತಜ್ಞತೆ ಬರಬೇಕಾಗಿದ್ದ ಜಾಗದಲ್ಲಿ ಬಂದದ್ದು ಅದೇ ಹಳೆಯದು: ಇದರಲ್ಲೂ ನನಗಿಂತ ಮೊದಲು. ಒಳ್ಳೆಯತನದಲ್ಲೂ.

‘ಮತ್ತೆ ನೀನು ಮಾತ್ರ ಮಾಡಿಲ್ವಾ?’ ಎಂದಳು ತಂಗಿ, ಬಸ್ಸು ಬರುವ ದಾರಿಯ ಕಡೆ ಕತ್ತು ಚಾಚಿ. ‘ಅಪ್ಪ ಸಾಲು ಬಿಡ್ತಿದ್ರಲ್ಲ. ನೀನು ಕಾಜಾ ಹಾಕ್ತಾ ತಲೆ ಬಗ್ಗಿಸಿ ಕೂತಿರ್ತಿದ್ದೆ, ಒಂದಿನಾನೂ ಬಾಯಿ ಬಿಡ್ಲಿಲ್ಲ. ಗುಂಡಿ ನಂಗೆ ಸಿಗಲಿ ಅಂತ. ನಾನು ಆಗ ಚಿಕ್ಕವಳು, ತಿಳೀತಿರಲಿಲ್ಲ. ಆಮೇಲೆ ತಿಳೀತು. ನಿಂಗೆ ಎಲ್ಲ ಪದ್ಯಾನೂ ಬಾಯಿಗೆ ಬರ್ತಿತ್ತು, ನಿಂಗೆ ಗೊತ್ತಾಗದೆ ಇರುತ್ತಾ? ಡಬ್ಬಿ ಅದಕ್ಕೇ ನಿಂಗೆ ಕೊಟ್ಟಿದ್ದು.’

ಅವಳು ತಲೆ ಎತ್ತಿದಳು. ತಂಗಿಯ ಮುಖ ಸಂಜೆಯ ಬೆಳಕಿಗೆ ತೆರೆದುಕೊಂಡಿತ್ತು, ಚಿಕ್ಕಂದಿನಲ್ಲಿ ‘ಸಾಲು ಹಾರಿಹೋಯ್ತು’ ಎಂದು ಕೂಗಿ ಅಪ್ಪನ ಕಡೆ ನೋಡುತ್ತಿದ್ದ ಅದೇ ಮುಖ. ಇಷ್ಟು ವರ್ಷ ಅದು ತನ್ನನ್ನು ಹೀಗೆ ನೋಡುತ್ತ ಬಂದಿತ್ತೆಂದು ಇವಳಿಗೆ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಸಾಕಾಗಿತ್ತು. ಈ ಒಂದು ಹೆಸರಾದರೂ ಉಳಿಯುತ್ತಿತ್ತು.

‘ಇಲ್ಲ ಕಣೇ’ ಎಂದಳು. ‘ನಂಗೆ ಗೊತ್ತೇ ಆಗ್ತಿರಲಿಲ್ಲ. ಒಂದು ಸಲಾನೂ. ದೇವರಾಣೆ.’

ತಂಗಿ ಅವಳನ್ನು ನೋಡಿದಳು. ಆಮೇಲೆ ಅವಳ ತೋಳಿಗೆ ತೋಳು ಸಿಕ್ಕಿಸಿ, ನಕ್ಕು, ‘ಹೋಗೇ, ಸುಳ್ಳಿ’ ಎಂದಳು. ‘ಈಗಲೂ ಒಪ್ಪಲ್ಲ ನೋಡು.’

ಬಸ್ಸು ಬಂದು ನಿಂತಿತು. ತಂಗಿ ಮೊದಲು ಹತ್ತಿ, ಕಿಟಕಿಯ ಪಕ್ಕದ ಸೀಟನ್ನು ಅಕ್ಕನಿಗೆಂದು ಬಿಟ್ಟು ಕೂತಳು. ಅವಳು ಆ ಸೀಟಿನಲ್ಲಿ ಕೂತಳು. ಗಾಜು ಶುಭ್ರವಾಗಿತ್ತು; ಬರೆಯಲೂ ಅಳಿಸಲೂ ಅದರ ಮೇಲೆ ಏನೂ ಇರಲಿಲ್ಲ.